‘ಮಿರಜಕ್ಕ ಬರದಾರ’

ಅಪ್ಪನ ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಕ್ಯಾಲೆಂಡರ್ ಎತ್ತಿದಾಗ ಅದು ಸಿಕ್ಕಿತು. ಅಂಗೈಯಗಲದ, ಒಂದು ಅಂಚನ್ನು ಇಲಿ ತಿಂದ ಸಿಕ್ ಮೆಮೊ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಳಿಯ ಮೇಲೆ ದುಡಿಯುವ ಗ್ಯಾಂಗಮನ್‌ಗೆ ಮೈ ಬಿಸಿಯಾದರೆ ಅವನು ತಾನಾಗಿ ಹೋಗಿ ರೈಲ್ವೆ ಡಾಕ್ಟರ ಬಾಗಿಲು ತಟ್ಟುವಂತಿರಲಿಲ್ಲ. ‘ಈತ ನಮ್ಮ ಮನುಷ್ಯ, ಜಡ್ಡು ಅನ್ನುತ್ತಾನೆ, ನೋಡಿರಿ’ ಎಂದು ಮೇಲಿನವರು ಚೀಟಿ ಬರೆದುಕೊಡಬೇಕು. ಅದೇ ಸಿಕ್ ಮೆಮೊ. ಡಾಕ್ಟರು ‘ಸಿಕ್’ ಅಂದರೆ ಮನೆ, ‘ಫಿಟ್’ ಎಂದು ಬರೆದ ದಿನ ಮತ್ತೆ ಸುತ್ತಿಗೆ ಹೆಗಲಿಗೆ.

ಅಪ್ಪನ ಗ್ಯಾಂಗು ಶೇಡಬಾಳದ್ದು. ಮೆಮೊದ ಬೆನ್ನ ಮೇಲೆ ಪೆನ್ಸಿಲಿನ ಗೀರುಗಳಿವೆ. ಅವುಗಳಲ್ಲಿ ನನಗೆ ಓದಲು ಬಂದದ್ದು ಎರಡೇ ಪದ. ಒಂದು ಕಣ್ಣು, ಇನ್ನೊಂದು ಮಿರಜ. ಈ ಚೀಟಿಯನ್ನು ಎಲ್ಲಿ ಕೊಡಬೇಕಿತ್ತೋ ಅಲ್ಲಿ ಕೊಡದೆ ಯಾಕೆ ಉಳಿಸಿಕೊಂಡನೋ, ಕೇಳಲು ಅಪ್ಪ ಇಲ್ಲ.

ಸಂಗತಿ ಮಾತ್ರ ನೆನಪಿದೆ. ಬೇಸಿಗೆಯಲ್ಲಿ ಜಲ್ಲಿ ಬಡಿಯುವಾಗ ಸಿಡಿದ ಕಲ್ಲಿನ ಚೂರು ಅವನ ಬಲಗಣ್ಣಿಗೆ ಹೊಕ್ಕಿತ್ತು. ನನಗಾಗ ಆರೋ ಏಳೋ ವರ್ಷ. ಓಣಿಯ ಹೆಂಗಸರು ಬಾಗಿಲಲ್ಲಿ ಕೂಡಿದ್ದರು. ಅವ್ವನ ಮುಖ ನೋಡದೆ ಒಬ್ಬರಿಗೊಬ್ಬರು ಹೇಳಿಕೊಂಡರು: ‘ಮಿರಜಕ್ಕ ಬರದಾರಂತ.’

ನಮ್ಮ ಕಡೆ ಆ ಮಾತಿಗೆ ಎರಡು ಅರ್ಥ. ಊರ ಡಾಕ್ಟರ ಕೈ ಮೀರಿದೆ ಎಂಬುದೊಂದು. ಇನ್ನು ಅಂಜಬೇಕಾಗಿಲ್ಲ ಎಂಬುದು ಇನ್ನೊಂದು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ಜಮಖಂಡಿ, ಗಡಿಯಾಚೆಯ ಜತ್ತ ಸೇರಿದಂತೆ ಈ ಇಡೀ ಸೀಮೆಯಲ್ಲಿ ಏನು ಬರೆದಾರೆ, ಯಾರಿಗೆ ಬರೆದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ಮಿರಜಕ್ಕೆ ಬರೆದಾರೆ, ಅಷ್ಟೇ. ಊರಿನ ಹೆಸರೇ ಔಷಧದ ಹೆಸರಾಗಿತ್ತು.

ಈಗ ನನ್ನ ಅಕ್ಕನ ಮಗ ಕುಪವಾಡದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಾನೆ. ಒಂದು ಕಡೆ ಸಾಂಗಲಿ, ಇನ್ನೊಂದು ಕಡೆ ಮಿರಜ, ಪಕ್ಕದಲ್ಲಿ ಕುಪವಾಡ. 1998ರಿಂದ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆ. ಅವನ ಕಾರ್ಖಾನೆಯ ಗೇಟಿನಿಂದ ಮಿರಜದ ದವಾಖಾನೆಗಳ ಬೀದಿ ಆರೇಳು ಕಿಲೋಮೀಟರು. ಕಂಪನಿ ಅವನಿಗೆ ಕೊಟ್ಟಿರುವ ಸವಲತ್ತು ಮೊಬೈಲಿನಲ್ಲಿ ಒಂದು ಆ್ಯಪು. ಒತ್ತಿದರೆ ಎಲ್ಲಿಯೋ ಕುಳಿತ ಡಾಕ್ಟರು ಮಾತಾಡುತ್ತಾರೆ, ಫೀ ಕಂಪನಿಯದು. ‘ಮಾಮಾ, ಈಗ ಮಿರಜಕ್ಕ ಬರಿಯೂದೂ ಇಲ್ಲ, ಹೋಗೂದೂ ಇಲ್ಲ’ ಅಂದ ನಗುತ್ತ. ನಾನು ಟ್ರಂಕಿನ ಚೀಟಿ ತೋರಿಸಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಅಜ್ಜನ ಕಾಲದ ಆ್ಯಪ್ ಏನು?’ ಎಂದು ಕೇಳಿದ.

ಅವನು ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಪ್ರಶ್ನೆ ಬಿಡಲಿಲ್ಲ. ದುಡಿಯುವವನಿಗೂ ದೂರದ ಡಾಕ್ಟರಿಗೂ ನಡುವಿನ ಅಂತರವನ್ನು ಧಣಿ ಭರಿಸಬೇಕು ಎಂಬ ಯೋಚನೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನಿಗೆ ಮೊದಲು ಎದುರಾದದ್ದು ಒಬ್ಬ ಉಗಿಬಂಡಿ ಕಾರ್ಖಾನೆಯ ಮಾಲೀಕ.

ಅವನಿಗಿಂತ ಮುಂಚೆ, ಮಿರಜದ ಆಸ್ಪತ್ರೆ ಕಟ್ಟಿದ ವಾನ್ಲೆಸ್ ಸಾಹೇಬನನ್ನು ಕರೆಯಬೇಕು. ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯ ಕಲಿತು, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನವನಾಗಿ, ಹೆಂಡತಿ ಮೇರಿಯ ಜತೆ 1889ರಲ್ಲಿ ಸಾಂಗಲಿಗೆ ಬಂದ. ಬಂದದ್ದು ಏಸುವಿನ ಹೆಸರು ಹೇಳಲಿಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ನಮ್ಮ ಜನ ಔಷಧ ಇಸಕೊಂಡರು, ಉಳಿದದ್ದನ್ನು ಗೌರವದಿಂದ ಅಲ್ಲಿಯೇ ಬಿಟ್ಟು ಬಂದರು. ಮುಂದೆ 1928ರಲ್ಲಿ ಬ್ರಿಟಿಷ್ ದೊರೆ ಅವನಿಗೆ ಸರ್ ಪದವಿ ಕೊಟ್ಟ. 1932ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲಿ ಅವನು ತನ್ನನ್ನು ಅಮೆರಿಕನ್ ಡಾಕ್ಟರ್ ಎಂದು ಕರೆದುಕೊಂಡ. ಕೆನಡಾದವ, ಅಮೆರಿಕನ್, ಬ್ರಿಟಿಷ್ ಸರ್, ಮೂರೂ ಆದವನು ನಮ್ಮ ಹಳ್ಳಿಗಳ ಬಾಯಲ್ಲಿ ಬರೀ ಸಾಹೇಬ.

ಸಾಂಗಲಿಗೆ ಬಂದವನು ಅಲ್ಲಿ ಮೂರು ವರ್ಷವೂ ನಿಲ್ಲಲಿಲ್ಲ. 1892ರ ಹೊತ್ತಿಗೆ ಮಿರಜಕ್ಕೆ ಬಿಡಾರ ಬದಲಿಸಿದ. ಯಾಕೆ? ಈ ಜಗಳ ಇನ್ನೂ ಮುಗಿದಿಲ್ಲ. ಸಾಂಗಲಿಯವರನ್ನು ಕೇಳಿದರೆ ಸಾಹೇಬ ಮೊದಲು ಕಾಲಿಟ್ಟದ್ದು ನಮ್ಮ ಊರಿಗೆ ಎನ್ನುತ್ತಾರೆ. ಮಿರಜದವರನ್ನು ಕೇಳಿದರೆ, ಕಾಲಿಟ್ಟರೇನು, ಜಾಗ ಕೊಟ್ಟವರು ನಮ್ಮ ಮಹಾರಾಜರು ಎನ್ನುತ್ತಾರೆ. ಎರಡೂ ನಿಜ. ಮಿರಜ ಸಂಸ್ಥಾನದ ಗಂಗಾಧರರಾವ್ ಪಟವರ್ಧನರು ಜಾಗ ಕೊಟ್ಟದ್ದು ಹೌದು. ಸಾಂಗಲಿಯ ಹಳಬರೊಬ್ಬರು, ಅರಮನೆ ಗಣಪತಿ ನಮ್ಮಲ್ಲಿ, ದವಾಖಾನೆ ಅವರಲ್ಲಿ, ದೇವರಿಗೆ ಕೈ ಮುಗಿದು ಹೊರಟವನು ಡಾಕ್ಟರ ಹತ್ತಿರ ಹೋಗಲು ಟಾಂಗಾ ಹಿಡಿಯಬೇಕಾಯಿತು ಎಂದು ನನ್ನೆದುರು ಗೊಣಗಿದ್ದುಂಟು. ನೂರಮೂವತ್ತು ವರ್ಷದ ಹೊಟ್ಟೆಕಿಚ್ಚು ಆರುವುದು ಸುಲಭವಲ್ಲ.

ಜಾಗವೊಂದೇ ಕಾರಣ ಎಂದು ನಾನು ನಂಬುವುದಿಲ್ಲ. ರೈಲಿನ ನಕ್ಷೆ ಹರವಿ ನೋಡಿ. ಧಾರವಾಡದಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡಿದ್ದ ಸದರ್ನ್ ಮರಾಠಾ ರೈಲ್ವೆ ಪುಣೆಯಿಂದ ಮಿರಜ, ಬೆಳಗಾವಿ ದಾಟಿ ಲೋಂಡಾದವರೆಗೆ ಮೀಟರ್ ಗೇಜ್ ಹಳಿ ಹಾಕಿ ಮುಗಿಸಿದ್ದು ಅದೇ ತಾನೆ. 1891ರಲ್ಲಿ ಕೊಲ್ಲಾಪುರದ ಕವಲೂ ಬಂದು ಮಿರಜ ಜಂಕ್ಷನ್ ಆಯಿತು. ಸಾಂಗಲಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಿರಜದಿಂದ ಹೊರಟ ಐದು ಮೈಲಿಯ ಬಾಲ. ರೋಗಿ ತನ್ನಲ್ಲಿಗೆ ಬರಬೇಕು ಎಂದುಕೊಂಡ ಡಾಕ್ಟರು ಹಳಿಯ ಪಕ್ಕದಲ್ಲಿ ಕೂಡುತ್ತಾನೆ. ಹುಬ್ಬಳ್ಳಿಯವನು ಹತ್ತಿ ಇಳಿಯಬಹುದು, ಗೋಕಾಕದವನು ಬರಬಹುದು, ಘಟಪ್ರಭಾ, ರಾಯಬಾಗ, ಕುಡಚಿಯವರು ಕೃಷ್ಣೆಯ ಸೇತುವೆ ದಾಟಿ ಬರಬಹುದು, ಅಥಣಿಯವನು ಚಕ್ಕಡಿಯಲ್ಲಿ ಶೇಡಬಾಳಕ್ಕೆ ಬಂದು ಗಾಡಿ ಹಿಡಿಯಬಹುದು. ವಾನ್ಲೆಸ್ ಸಾಹೇಬ ಆರಿಸಿಕೊಂಡದ್ದು ಊರನ್ನಲ್ಲ, ಟೈಂಟೇಬಲ್ಲನ್ನು.

ಆಸ್ಪತ್ರೆಯ ಕಟ್ಟಡಕ್ಕೆ ಹಣ ಕೊಟ್ಟವನು ಫಿಲಡೆಲ್ಫಿಯಾದ ಜಾನ್ ಎಚ್. ಕಾನ್ವರ್ಸ್. ಆ ಹೆಸರು ಓದಿ ಮುಂದೆ ಹೋಗಿಬಿಡುತ್ತಿದ್ದೆ. ಯಾರು ಈ ಪುಣ್ಯಾತ್ಮ ಎಂದು ನೋಡಿದಾಗ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಆತ ಬಾಲ್ಡ್‌ವಿನ್ ಲೋಕೋಮೋಟಿವ್ ವರ್ಕ್ಸ್‌ನ ಪಾಲುದಾರ. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಉಗಿಬಂಡಿ ಕಾರ್ಖಾನೆಗಳಲ್ಲಿ ಅದೊಂದು. ರೈಲು ಇಂಜಿನ್ನು ಮಾರಿ ಗಳಿಸಿದ ರೊಕ್ಕ ಸಮುದ್ರ ದಾಟಿ ಬಂದು, ರೈಲು ನಿಲ್ಲುವ ಊರಿನಲ್ಲಿ, ರೈಲಿನಲ್ಲಿ ಬರುವ ರೋಗಿಗಳಿಗೆ 1894ರಲ್ಲಿ ಆಸ್ಪತ್ರೆಯಾಗಿ ನಿಂತಿತು. ಈ ಹೊಂದಿಕೆಯನ್ನು ಯಾರೂ ಯೋಜಿಸಿದ್ದಲ್ಲ. ಕಾನ್ವರ್ಸನಿಗೆ ಮಿರಜ ಎಲ್ಲಿದೆ ಎಂದು ತೋರಿಸಲು ಯಾರಾದರೂ ಭೂಪಟ ಬಿಚ್ಚಿರಬೇಕು. ಶೇಡಬಾಳದ ಗ್ಯಾಂಗಮನ್ ಒಬ್ಬ ಮುಂದೊಂದು ದಿನ ಅದೇ ಹಳಿಯ ಕಲ್ಲು ಕಣ್ಣಿಗೆ ಹೊಕ್ಕು ಆ ಊರಿಗೆ ಬರುತ್ತಾನೆ ಎಂದು ಭೂಪಟದಲ್ಲಿ ಬರೆದಿರುವುದಿಲ್ಲ.

ಮುಂದಿನ ಮೂವತ್ತು ವರ್ಷ ಬೇಗ ದಾಟುತ್ತೇನೆ, ಏಕೆಂದರೆ ವರದಿಗಳು ಬರೀ ಕಟ್ಟಡ ಎಣಿಸುತ್ತವೆ. ಕಣ್ಣಿನ ಪೊರೆ ತೆಗೆಯುವುದರಲ್ಲಿ ಸಾಹೇಬನ ಕೈ ಎತ್ತಿದ ಕೈ. ವೈದ್ಯ ಕಲಿಸುವ ಶಾಲೆ ತೆರೆದ, ಕ್ಷಯದವರಿಗೆ ಊರ ಹೊರಗೆ ಗಾಳಿ ಬೆಳಕಿನ ಸ್ಯಾನಟೋರಿಯಂ ಕಟ್ಟಿಸಿದ. ಆ ಜಾಗ ಇವತ್ತಿಗೂ ವಾನ್ಲೆಸವಾಡಿ. 1933ರಲ್ಲಿ ಅವನು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಾಗ ಮಿರಜದಲ್ಲಿ ಡಾಕ್ಟರರ ಬೆಳೆ ಬೇರೂರಿತ್ತು. 1962ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂತು. ಓಣಿಗೊಂದು ನರ್ಸಿಂಗ್ ಹೋಮ್, ಸಂದಿಗೊಂದು ಲ್ಯಾಬು. ಘಟಪ್ರಭಾದಲ್ಲಿ 1929ರಲ್ಲಿ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಎದ್ದದ್ದೂ ಇದೇ ಹಳಿಯ ಮೇಲೆ.

ಒಂದು ಅಡ್ಡಮಾತು. ಖಾನ್‌ಸಾಹೇಬರನ್ನು ಬಿಟ್ಟು ಮಿರಜದ ಬಗ್ಗೆ ಬರೆದರೆ ಪಾಪ ಬರುತ್ತದೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜವನ್ನು ಮನೆ ಮಾಡಿಕೊಂಡವರು. ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಪ್ಲೇಗಿನಿಂದ ಉಳಿದರು ಎಂದು ಊರು ನಂಬಿದೆ. ಅಂಥವರು 1937ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ರಾತ್ರಿಗಾಡಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು, ಪ್ಲಾಟ್‌ಫಾರ್ಮಿನ ಮೇಲೆಯೇ ಕಣ್ಣು ಮುಚ್ಚಿದರು. ಇಡೀ ಸೀಮೆಯ ಎದೆನೋವಿಗೆ ಗತಿಯಾದ ಊರಿನ ಮನುಷ್ಯನಿಗೆ ಆ ಹೊತ್ತಿನಲ್ಲಿ ರೈಲು ಮಾತ್ರ ಇತ್ತು, ಮಿರಜ ಇರಲಿಲ್ಲ. ದೂರ ಎಂದರೆ ಏನೆಂದು ನಾನು ಯೋಚಿಸುವಾಗ ಆ ಪ್ಲಾಟ್‌ಫಾರ್ಮು ನೆನಪಾಗುತ್ತದೆ.

ಅಪ್ಪನಿಗೆ ರೈಲ್ವೆ ಕೊಟ್ಟದ್ದು ಪಾಸು. ದುಡಿಯುವವನ ಕಾಯಿಲೆಗೆ ಧಣಿ ಕೊಡುತ್ತಿದ್ದ ಸವಲತ್ತಿನ ತಿರುಳು ಅದೇ: ಡಾಕ್ಟರ ಹತ್ತಿರ ಒಯ್ದು ಬಿಡುವುದು, ಹೋದಷ್ಟು ದಿನ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆಯದೆ ಇರುವುದು. ಅಪ್ಪ ಮಿರಜದಲ್ಲಿ ಹದಿನೇಳು ದಿನ ಇದ್ದ. ಅವ್ವ ದವಾಖಾನೆಯ ಹಿಂದೆ ಮೂರು ಕಲ್ಲಿನ ಒಲೆ ಹೂಡಿ ಜೋಳದ ರೊಟ್ಟಿ ಬಡಿದಳು. ಪಕ್ಕದ ಒಲೆ ಜತ್ತದವರದು, ಅದರಾಚೆಯದು ಮುಧೋಳದವರದು. ಯಾವ ಡಾಕ್ಟರ ಕೈಗುಣ ಒಳ್ಳೆಯದು, ಯಾವ ನರ್ಸಮ್ಮ ಸೂಜಿ ಚುಚ್ಚಿದರೆ ನೋಯುವುದಿಲ್ಲ, ಎಲ್ಲ ಆ ಒಲೆಗಳ ಸುತ್ತ ಕನ್ನಡದಲ್ಲಿ ತೀರ್ಮಾನವಾಗುತ್ತಿತ್ತು. ಔಷಧದಂಗಡಿಯ ಬೋರ್ಡಿನಲ್ಲಿ ಮರಾಠಿಯ ಕೆಳಗೆ ಕನ್ನಡ. ಡಾಕ್ಟರರಿಗೂ ‘ಎಲ್ಲಿ ನೋಯ್ತೈತಿ’, ‘ಉಸಿರು ಒಳಗ ತಗೋರಿ’ ಇಷ್ಟು ಬರದಿದ್ದರೆ ಧಂದೆ ನಡೆಯುತ್ತಿರಲಿಲ್ಲ. ಅಪ್ಪನ ಬಲಗಣ್ಣು ಅರ್ಧ ಉಳಿಯಿತು. ‘ಅರ್ಧ ಆದ್ರೂ ಸಿಗ್ನಲ್ ಕಾಣ್ತೈತಿ’ ಅನ್ನುತ್ತಿದ್ದ.

ರೈಲ್ವೆಯ ಹೊರಗೆ ದುಡಿಯುವವರಿಗೆ ಏನಿತ್ತು? 1948ರ ಕಾರ್ಖಾನೆ ಕಾಯಿದೆ 150 ಕೆಲಸಗಾರರಿಗೆ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, 500 ದಾಟಿದರೆ ಆಂಬುಲೆನ್ಸ್ ಕೋಣೆ ಎಂದಿತು. ಅದೇ ವರ್ಷ, ಪ್ರೊ. ಬಿ.ಪಿ. ಅದರ್‌ಕರ್ 1944ರಲ್ಲಿ ಕೊಟ್ಟಿದ್ದ ವರದಿಯ ದಾರಿ ಹಿಡಿದು, ನೌಕರರ ರಾಜ್ಯ ವಿಮಾ ಕಾಯಿದೆ, ಎಂದರೆ ನಮ್ಮ ಬಾಯಲ್ಲಿನ ಇಎಸ್‌ಐ, ಬಂತು. 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಶುರುವಾಯಿತು. ಆದರೆ ಆ ಕಾಯಿದೆ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತು. ಯಾವುವು ಅವು? ಹತ್ತಿ ಜಿನ್ನಿಂಗ್, ಶೇಂಗಾ ಸುಲಿಯುವುದು, ಬೆಲ್ಲ ಮತ್ತು ಸಕ್ಕರೆ. ನಮ್ಮ ಸೀಮೆಯ ಹೊಟ್ಟೆಪಾಡನ್ನೇ ಎದುರಿಗಿಟ್ಟುಕೊಂಡು ಪಟ್ಟಿ ಮಾಡಿದಂತಿದೆ. ಸಾಂಗಲಿಯ ವಸಂತದಾದಾ ಪಾಟೀಲರ ಸಹಕಾರಿ ಕಾರ್ಖಾನೆ ಇರಲಿ, ಸಾಂಗಲಿಯಲ್ಲಿ ಕಚೇರಿ ಇಟ್ಟುಕೊಂಡು 1939ರಲ್ಲಿ ಶುರುವಾಗಿ ಗಡಿಯೀಚೆ ಕಬ್ಬು ಅರೆಯುವ ಉಗಾರ ಶುಗರ್ಸ್ ಇರಲಿ, ಇದು ಸಕ್ಕರೆಯ ನೆಲ. ಆ ಪಟ್ಟಿ ಓದಿದಾಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಮನುಷ್ಯನನ್ನು ಡಾಕ್ಟರ ಹತ್ತಿರ ಸಾಗಿಸುವ ಕಥೆ. ಡಾಕ್ಟರ ಮಾತನ್ನೇ ದುಡಿಯುವ ಜಾಗಕ್ಕೆ ಸಾಗಿಸುವ ಕಥೆ ಹುಟ್ಟಿದ್ದು ಹಡಗಿನಲ್ಲಿ. ನಡುಸಮುದ್ರದಲ್ಲಿ ಪಾಸು ಕೊಟ್ಟು ಏನು ಪ್ರಯೋಜನ? 1920ರ ಸುಮಾರಿಗೆ ನ್ಯೂಯಾರ್ಕಿನ ನಾವಿಕರ ಸಂಸ್ಥೆಯೊಂದು ರೇಡಿಯೊದಲ್ಲಿ ವೈದ್ಯಸಲಹೆ ಕೊಡತೊಡಗಿತು. ಹಡಗಿನಿಂದ ಟಕಟಕ ಎಂದು ಲಕ್ಷಣ ಬರುವುದು, ದಡದಿಂದ ಟಕಟಕ ಎಂದು ಔಷಧ ಹೋಗುವುದು. 1935ರಲ್ಲಿ ರೋಮಿನಲ್ಲಿ ಗ್ವಿದೊ ಗ್ವಿದಾ ಎಂಬ ಡಾಕ್ಟರು ಇದಕ್ಕೆಂದೇ ಕೇಂದ್ರ ತೆರೆದಾಗ ಅದರ ಮೊದಲ ಅಧ್ಯಕ್ಷ, ತಂತಿಯಿಲ್ಲದ ತಂತಿಯ ಮಾರ್ಕೋನಿಯೇ. ಇವತ್ತು 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದಂತೆ ಹಡಗಿನವರಿಗೆ ಹಗಲಿರುಳು ರೇಡಿಯೊ ಇಲ್ಲವೇ ಉಪಗ್ರಹದ ಮೂಲಕ ವೈದ್ಯಸಲಹೆ ಬಿಟ್ಟಿಯಾಗಿ ಸಿಗಲೇಬೇಕು, ಯಾವ ದೇಶದ ಬಾವುಟವಿದ್ದರೂ. ಅವರಿಗೆ ಅದು ಹಕ್ಕು. ಕುಪವಾಡದವನಿಗೆ ಸವಲತ್ತು. ಈ ಎರಡು ಪದಗಳ ನಡುವಿನ ದೂರ ಸಮುದ್ರಕ್ಕಿಂತ ಅಗಲ.

ನೆಲದ ಮೇಲಿನ ನೌಕರರಿಗೆ ಇದು ಬಂದದ್ದು ಟ್ರಾಫಿಕ್ ಜಾಮಿನ ದೆಸೆಯಿಂದ ಎಂದರೆ ಬೆಂಗಳೂರಿನ ಓದುಗರು ಖುಷಿಪಟ್ಟಾರು. ಅಮೆರಿಕದ ಬಾಸ್ಟನ್ನಿನಲ್ಲಿ ಲೋಗನ್ ವಿಮಾನ ನಿಲ್ದಾಣವಿದೆ. ಅಲ್ಲಿ 1963ರಿಂದ ಪ್ರಯಾಣಿಕರಿಗೂ ನಿಲ್ದಾಣದ ನೌಕರರಿಗೂ ಒಂದು ಚಿಕಿತ್ಸಾ ಕೋಣೆ ಇತ್ತು. ನರ್ಸುಗಳು ಸದಾ ಇರುತ್ತಿದ್ದರು, ಡಾಕ್ಟರು ಕೆಲವೇ ತಾಸು. ದೊಡ್ಡ ಆಸ್ಪತ್ರೆ, ಮ್ಯಾಸಚೂಸೆಟ್ಸ್ ಜನರಲ್, ಇದ್ದದ್ದು ಬರೀ 2.7 ಮೈಲಿ ದೂರದಲ್ಲಿ. ಆದರೆ ನಡುವೆ ಬಂದರಿನ ನೀರು, ನೀರಿನ ಕೆಳಗೆ ಸುರಂಗ, ಸುರಂಗದೊಳಗೆ ಗಾಡಿಗಳ ಸಾಲು. ಕೆನೆತ್ ಬರ್ಡ್ ಎಂಬ ಡಾಕ್ಟರು 1968ರಲ್ಲಿ ಎರಡು ಕಡೆಗೂ ಟಿವಿ ಕ್ಯಾಮೆರಾ ಇಟ್ಟು ಮೈಕ್ರೋವೇವ್ ಕೊಂಡಿ ಹಾಕಿದ. ಇಲ್ಲಿ ನರ್ಸು ಎದೆಗೆ ಸ್ಟೆತಾಸ್ಕೋಪು ಇಟ್ಟರೆ ಅಲ್ಲಿ ಡಾಕ್ಟರಿಗೆ ಕೇಳುವುದು. ಜಗತ್ತಿನ ಟೆಲಿಮೆಡಿಸಿನ್ ಚರಿತ್ರೆಯಲ್ಲಿ ಇದೊಂದು ಮೈಲಿಗಲ್ಲು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಆ 2.7 ಮೈಲಿ. ಕುಪವಾಡದಿಂದ ಮಿರಜದಷ್ಟೂ ಇಲ್ಲ. ದೂರ ಅಂದರೆ ಮೈಲಿ ಮಾತ್ರ ಅಲ್ಲ. ಕೆಲಸ ಬಿಟ್ಟು ಹೋಗಿ ಬರುವ ಹೊತ್ತು ಎಷ್ಟೋ ಅಷ್ಟು ದೂರ. ಮತ್ತು ಆ ಹೊತ್ತು ಯಾರದು ಎಂಬ ಪ್ರಶ್ನೆ ಅಲ್ಲಿಂದಲೇ ಶುರು.

ನಮ್ಮಲ್ಲಿ 2000ದ ಮಾರ್ಚ್ 24ರಂದು, ಹೈದರಾಬಾದಿಗೆ ಬಂದಿದ್ದ ಬಿಲ್ ಕ್ಲಿಂಟನ್ ಆಂಧ್ರದ ಅರಗೊಂಡ ಎಂಬ ಹಳ್ಳಿಯ ಟೆಲಿಮೆಡಿಸಿನ್ ಕೇಂದ್ರಕ್ಕೆ ಚಾಲನೆ ಕೊಟ್ಟ. 2002ರಲ್ಲಿ ಇಸ್ರೊ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ವಿವೇಕಾನಂದ ಆಸ್ಪತ್ರೆಗೂ ಜೋಡಿಸಿತು. ಒಳ್ಳೆಯ ಕೆಲಸ, ಉದ್ಘಾಟನೆಗೆ ತಕ್ಕ ಕೆಲಸ. ಅದಾದ ಮೇಲೆ ಬಹುಕಾಲ ಇದು ಸಮ್ಮೇಳನಗಳ ವಿಷಯವಾಗಿಯೇ ಉಳಿಯಿತು. ಫೋನಿನಲ್ಲಿ ಔಷಧ ಹೇಳಿದರೆ ತಪ್ಪೋ ಸರಿಯೋ ಎಂಬುದು ಡಾಕ್ಟರಿಗೇ ಖಾತ್ರಿ ಇರಲಿಲ್ಲ. ಅರಗೊಂಡದ ದಿನಕ್ಕೆ ಸರಿಯಾಗಿ ಇಪ್ಪತ್ತು ವರ್ಷ ಒಂದು ದಿನಕ್ಕೆ, 2020ರ ಮಾರ್ಚ್ 25ರಂದು, ದೇಶ ಬಾಗಿಲು ಹಾಕಿಕೊಂಡ ಮೊದಲ ದಿನವೇ, ಟೆಲಿಮೆಡಿಸಿನ್ ನಿಯಮಾವಳಿ ಹೊರಬಿತ್ತು. ಇಪ್ಪತ್ತು ವರ್ಷ ಕುಳಿತು ಯೋಚಿಸಿದ್ದನ್ನು ಹೆದರಿಕೆ ಒಂದು ವಾರದಲ್ಲಿ ಮುಗಿಸಿತು.

ಆ ನಿಯಮಾವಳಿಯ ಒಂದು ಸಾಲು ನಮ್ಮ ಗಡಿಯವರಿಗೆಂದೇ ಬರೆದಂತಿತ್ತು. ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗಾದರೂ ದೂರದಿಂದ ಸಲಹೆ ಕೊಡಬಹುದು. ಆ ದಿನಗಳಲ್ಲಿ ನಮ್ಮ ಕಡೆ ದಾರಿಯೇ ಮುಚ್ಚಿತ್ತು: ಸಾಂಗಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಸೋಂಕು ಮಾರ್ಚಿನಲ್ಲೇ ಗುಂಪಾಗಿ ಕಾಣಿಸಿತ್ತು, ಮಿರಜದ ಸರಕಾರಿ ದವಾಖಾನೆ ಕೋವಿಡ್ ದವಾಖಾನೆಯಾಗಿತ್ತು, ಕಾಗವಾಡ-ಮ್ಹೈಸಾಳ ನಡುವಿನ ರಸ್ತೆಗೆ ತಡೆ ಬಿದ್ದಿತ್ತು. ನೂರಕ್ಕೂ ಹೆಚ್ಚು ವರ್ಷ ಹರಿದ ದಾರಿ ಒಂದು ಬೊಂಬಿನ ಗಳಕ್ಕೆ ನಿಂತಿತು. ಅವ್ವ ಆಗಿನ್ನೂ ಶೇಡಬಾಳದಲ್ಲಿದ್ದಳು, ಬಿಪಿ ಗುಳಿಗೆ ಮಿರಜದ ಡಾಕ್ಟರದು. ಓಣಿಯ ಹುಡುಗನೊಬ್ಬ ವಿಡಿಯೊ ಹಚ್ಚಿಕೊಟ್ಟ. ಡಾಕ್ಟರು ಕೇಳಿದರು: ‘ಆಯಿ, ಕಾಲು ಬಾತಾವೇನ್ರಿ? ಬಟ್ಟಲೆ ಒತ್ತಿ ನೋಡ್ರಿ. ಕುಣಿ ಬೀಳ್ತೈತೇನು?’ ಅವ್ವ ಒತ್ತಿದಳು. ಕುಣಿ ಬಿತ್ತು. ಗುಳಿಗೆ ಬದಲಾಯಿತು. ಮನೆಮಾತು ಮರಾಠಿಯ ಆ ಮನುಷ್ಯ ಇಪ್ಪತ್ತು ವರ್ಷದಿಂದ ಅವ್ವನ ಕಾಲು ಕಂಡವರು. ಫೋನು ಒಯ್ದದ್ದು ಬರೀ ಹೊಸ ಪ್ರಶ್ನೆಯನ್ನು. ಹಳೆಯ ಪರಿಚಯ ಅದಕ್ಕೆ ಮೊದಲೇ ಅಲ್ಲಿತ್ತು. ಆದ್ದರಿಂದ ಈ ವಿದ್ಯೆಯನ್ನು ಹಳಿಯುವ ಬಾಯಿ ನನಗಿಲ್ಲ.

ಆದರೆ ಅದು ನೌಕರಿಯ ಸವಲತ್ತಾಗಿ ಬದಲಾದ ಬಗೆ ಬೇರೆ. 2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಇಲಾಖೆ, ಕೆಲಸ ಮತ್ತೆ ಶುರುಮಾಡುವ ಕಡೆ ಕೆಲಸಗಾರರಿಗೆ ವೈದ್ಯವಿಮೆ ಕಡ್ಡಾಯ ಎಂದಿತು. ಜೂನ್‌ನಲ್ಲಿ ವಿಮಾ ಪ್ರಾಧಿಕಾರ, ಟೆಲಿಮೆಡಿಸಿನ್ ಖರ್ಚನ್ನೂ ಪಾಲಿಸಿಯೊಳಗೆ ಒಪ್ಪಿಕೊಳ್ಳಿ ಎಂದು ಕಂಪನಿಗಳಿಗೆ ಸೂಚಿಸಿತು. ಅಲ್ಲಿಗೆ ದಾರಿ ಬಿದ್ದಿತು. ಗ್ರೂಪ್ ಪಾಲಿಸಿ ಮಾರುವವನು ಜತೆಗೆ ಫೋನ್ ಡಾಕ್ಟರನ್ನೂ ಕಟ್ಟಿಕೊಡುತ್ತಾನೆ, ಅಥವಾ ಕಂಪನಿಯೇ ತಲೆಗೆ ಇಷ್ಟು ಎಂದು ವರ್ಷದ ಗುತ್ತಿಗೆ ಕೊಡುತ್ತದೆ. ಸರಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವನಿಯೂ ಅದೇ ಏಪ್ರಿಲ್‌ನಲ್ಲಿ ಮನೆಮಂದಿಗೆ ತೆರೆಯಿತು. 2023ರ ಫೆಬ್ರವರಿ ಹೊತ್ತಿಗೆ ಅದರ ಸಮಾಲೋಚನೆಗಳು 10 ಕೋಟಿ ದಾಟಿದವು. ಅದು ಎಲ್ಲರದು, ಬಿಟ್ಟಿ. ಕಂಪನಿಯದು ನೌಕರಿ ಇರುವವರೆಗೆ.

ಕುಪವಾಡದ ನನ್ನ ಅಳಿಯನ ಪಗಾರ 21,000 ರೂಪಾಯಿ ದಾಟಿದೆ. ಇಎಸ್‌ಐ ಮಿತಿ 2017ರಿಂದ ಅಷ್ಟಕ್ಕೇ ನಿಂತಿದೆ, ಹಾಗಾಗಿ ಅವನು ಅದರಿಂದ ಹೊರಗೆ, ಗ್ರೂಪ್ ಪಾಲಿಸಿಯ ಒಳಗೆ. ಅವನ ಪಕ್ಕದ ಮಷೀನಿನ ಗುತ್ತಿಗೆ ಹುಡುಗರು ಆ್ಯಪಿನಲ್ಲಿಲ್ಲ, ಕ್ಯಾಂಟೀನಿನವರೂ ಇಲ್ಲ. ಮೂವತ್ತೆಂಟಕ್ಕೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಸಕ್ಕರೆ ಸೀಮೆಯಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ನ್ಯಾಯವಾಗಿ ಹೇಳಬೇಕು, ಆ್ಯಪಿನ ಡಾಕ್ಟರು ಒಂದು ವರ್ಷ ಅವನನ್ನು ಚೆನ್ನಾಗಿಯೇ ನೋಡಿಕೊಂಡರು. ರಕ್ತದ ರಿಪೋರ್ಟು ಹಾಕಿದರೆ ಗುಳಿಗೆ ಏರಿಸುವುದು, ಇಳಿಸುವುದು. ಚಹಾಕ್ಕೆ ಬಿಡುವ ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. ಸಿಕ್ ಮೆಮೊ ಬೇಡ, ರಜೆ ಬೇಡ. ಹಿಂದೆ ನೌಕರಿ ಮನುಷ್ಯನನ್ನು ಡಾಕ್ಟರ ಹತ್ತಿರ ಒಯ್ಯುತ್ತಿತ್ತು, ಈಗ ಡಾಕ್ಟರನ್ನು ಮಷೀನಿನ ಹತ್ತಿರ ತರುತ್ತದೆ. ಉಳಿದ ಅರ್ಧ ದಿನ ಯಾರ ಕಿಸೆಗೆ ಹೋಯಿತು ಎಂದು ಕೇಳಿದರೆ, ‘ಮಾಮಾ, ನೀವು ಯೂನಿಯನ್ ಮಂದಿ ಹಂಗ ಮಾತಾಡಬ್ಯಾಡ್ರಿ’ ಅನ್ನುತ್ತಾನೆ.

ಅವನದೂ ಒಂದು ದೂರಿದೆ. ಪ್ರತಿಸಲ ಬೇರೆ ಡಾಕ್ಟರು. ಪ್ರತಿಸಲ ಮೊದಲಿನಿಂದ ಪುರಾಣ. ಭಾಷೆ ಆರಿಸಿ ಎನ್ನುವ ಜಾಗದಲ್ಲಿ ಕನ್ನಡವೂ ಇದೆ, ಒತ್ತಿದರೆ ಮಾತ್ರ ಯಾರೂ ಸಿಗುವುದಿಲ್ಲ. ತಿರುಗಿ ಹಿಂದಿಗೆ ಬರಬೇಕು. ಅವನಿಗೆ ಹಿಂದಿ ಬರುತ್ತದೆ. ಆದರೆ ‘ಕಣ್ಣಾಗ ಸೊಳ್ಳಿ ಹಾರಿದಂಗ ಆಗ್ತೈತಿ’ ಎಂಬುದನ್ನು ಅವನು ಹಿಂದಿಯಲ್ಲಿ ಹೇಳಲು ಹೋದಾಗ ಡಾಕ್ಟರು ಒಮ್ಮೆ ಸೊಳ್ಳೆಪರದೆ ಕಟ್ಟಲು ಹೇಳಿದರಂತೆ.

ಕಬ್ಬಿನ ಗದ್ದೆಯ ಮಾತು ಇಲ್ಲಿ ಬೇಡ ಅಂದುಕೊಂಡಿದ್ದೆ, ಆದರೆ ಬಿಡಲಾಗುತ್ತಿಲ್ಲ. ಸುಗ್ಗಿಯಲ್ಲಿ ಕುಪವಾಡದಿಂದ ಸ್ವಲ್ಪ ಆಚೆ ಹೋದರೆ ಕಬ್ಬು ಕಡಿಯುವವರ ಗುಡಿಸಲುಗಳು. ಬೀಡ ಕಡೆಯವರು, ಜತ್ತದವರು, ನಮ್ಮ ವಿಜಯಪುರದವರು. ಗಂಡ ಹೆಂಡತಿ ಕೂಡಿದರೆ ಲೆಕ್ಕದಲ್ಲಿ ಒಂದು ‘ಕೊಯ್ತಾ’. ಕಡಿಯುವ ಕತ್ತಿಯ ಹೆಸರೇ ಜೋಡಿಯ ಹೆಸರು. ಒಂದು ದಿನ ಜಡ್ಡಾಗಿ ಮಲಗಿದರೆ ‘ಖಾಡಾ’. ಹಾಗೆಂದರೆ ದಂಡ, ಕೂಲಿಗಳನ್ನು ಕರೆತರುವ ಮುಕಾದಮನ ಅಡ್ವಾನ್ಸಿನ ಲೆಕ್ಕಕ್ಕೆ ಸೇರುತ್ತದೆ. ತಿಂಗಳ ಮುಟ್ಟು ಕೆಲಸ ತಪ್ಪಿಸಬಾರದೆಂದು ಬೀಡ ಜಿಲ್ಲೆಯ ಹೆಂಗಸರು ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ಇಡೀ ದೇಶ ಓದಿತು. ಅವರ ಕಿಸೆಯಲ್ಲೂ ಮೊಬೈಲ್ ಇದೆ. ಅದರೊಳಗೆ ಕಂಪನಿಯ ಡಾಕ್ಟರಿಲ್ಲ, ಏಕೆಂದರೆ ಅವರಿಗೆ ಕಂಪನಿ ಇಲ್ಲ, ಮುಕಾದಮ ಇದ್ದಾನೆ.

ಹೋದ ಮಳೆಗಾಲದಲ್ಲಿ ಅಳಿಯನ ಕಣ್ಣಿನ ಸೊಳ್ಳೆ ಜಾಸ್ತಿಯಾಯಿತು. ಚಹಾದ ಬಿಡುವಿನಲ್ಲಿ ಆ್ಯಪು ಒತ್ತಿದ. ಸಿಕ್ಕಿದ್ದು ಹೆಣ್ಣುಮಗಳು, ಚುರುಕು. ಎರಡೇ ಪ್ರಶ್ನೆಯಲ್ಲಿ ಹಿಡಿದರು. ಸಕ್ಕರೆಯಿಂದ ಕಣ್ಣಿನ ಹಿಂಪರದೆಗೆ ಏನಾದರೂ ಆಗಿದೆಯೋ ಎಂದು ಯಂತ್ರದಲ್ಲಿ ನೋಡಲೇಬೇಕು, ಇದು ಫೋನಿನಲ್ಲಿ ಆಗುವ ಕೆಲಸವಲ್ಲ, ಇವತ್ತೇ ಹೋಗಿ ಅಂದರು. ಆಮೇಲೆ, ನೀವಿರುವ ಊರಿನ ಹತ್ತಿರ ಕಣ್ಣಿನ ಡಾಕ್ಟರು ಸಿಗುವಂಥ ಊರು ಯಾವುದಾದರೂ ಇದೆಯೇ ಎಂದು ಕಾಳಜಿಯಿಂದ ಕೇಳಿದರು.

ಅವನು ಕಾರ್ಖಾನೆಯ ಗೋಡೆಯಾಚೆ ನೋಡಿ, ‘ಮಿರಜ ಅಂತ ಒಂದ ಊರ ಐತ್ರಿ’ ಅಂದನಂತೆ, ಕನ್ನಡದಲ್ಲೇ.

ಸ್ವಲ್ಪ ಹೊತ್ತಿಗೆ ಅವನ ಮೊಬೈಲಿಗೆ ಚೀಟಿ ಬಂತು. ನನಗೂ ಕಳಿಸಿದ. ಮೇಲೆ ಕಂಪನಿಯ ಚಿಹ್ನೆ, ಕೆಳಗೆ ನಾಲ್ಕು ಸಾಲು, ಕೊನೆಗೆ ಊರಿನ ಹೆಸರು, ಒಂದಕ್ಷರ ತಪ್ಪಾಗಿ. ಸೂಪರ್‌ವೈಸರನಿಗೆ ತೋರಿಸಿ ಸಿಟಿ ಬಸ್ಸು ಹತ್ತಿದ. ದವಾಖಾನೆಯ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಮುದುಕಿಗೆ ಕಣ್ಣಿಗೆ ಔಷಧ ಬಿಟ್ಟಿದ್ದರು. ಮುಚ್ಚಿದ ಕಣ್ಣಲ್ಲೇ, ‘ಯಾವೂರಾತಪ್ಪಾ?’ ಎಂದು ಕೇಳಿದಳಂತೆ. ಜತ್ತದ ಕಡೆಯವಳು. ಅವಳ ಮಗ ಬಿಲ್ಲು ಕಟ್ಟಲು ಹೋಗಿದ್ದ, ಕೈಯಲ್ಲಿದ್ದ ಕಾಗದದಲ್ಲಿ ಏನಿದೆ ಓದಿ ಹೇಳು ಅಂದಳು. ಇವನು ಓದಿ ಹೇಳಿದ, ಇವನ ಕಣ್ಣಿಗೂ ಆಗಲೇ ಔಷಧ ಬಿದ್ದಿದ್ದರಿಂದ ಅರ್ಧ ಓದಿ, ಅರ್ಧ ಊಹಿಸಿ. ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಅರ್ಧ ದಿನದ ಪಗಾರ ಹಿಡಿದರು.